ಮಾಡು ಮುಚ್ಚುವುದಿಲ್ಲ

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು, ಸರಿ.
ನಾನು ದುಡ್ಡು ಕೊಡುವವಳು; ಎಣಿಸಿದೆ.
ಟೈರಿನ ಗೆರೆಗೆ ನಾಣ್ಯ ತೂರಿಸಿ ನೋಡಿದೆ,
ಬಾನೆಟ್ಟಿಗೆ ಕಿವಿಯಿಟ್ಟೆ,
ಕೊನೆಗೆ ನನ್ನ ಕಸುಬಿಗೆ ಬಂದೆ:
ಹಿಂದೆ ಮಡಚಿಬಿದ್ದಿದ್ದ ಕ್ಯಾನ್ವಾಸಿನ ಮಾಡನ್ನು
ಹೆಬ್ಬೆರಳಲ್ಲಿ ಉಜ್ಜಿದೆ. ದಾರ ಲಡ್ಡಾಗಿದೆ. ಬಟ್ಟೆ ಗಟ್ಟಿ.
ಇಪ್ಪತ್ತಾರು ವರ್ಷ ಶಾಲೆಮಕ್ಕಳ ಸಮವಸ್ತ್ರ ಹೊಲಿದವಳಿಗೆ
ಹರಿದದ್ದು ಯಾವುದು, ಬಿಚ್ಚಿದ್ದು ಯಾವುದು, ಗೊತ್ತು.

"ಮೋಟರು ಸತ್ತಿದೆ, ಮಾಡು ಮೇಲೇಳುವುದಿಲ್ಲ"
ಅಂದಳು ಮಾರುವವಳು, ದಂತವೈದ್ಯನ ವಿಧವೆ.
"ಆದರೆ ಇದು ಇಕಿಕೆ, ತಾಯಿ.
ಇಲ್ಲಿ ಕೊಡೆ ಮಾರುವ ಅಂಗಡಿ ಎಲ್ಲಾದರೂ ಕಂಡಿದ್ದೀಯಾ?"
ಕಂಡಿರಲಿಲ್ಲ.
ಒಂದು ಕಡೆ ಕಡಲು, ಒಂದು ಕಡೆ ಮರಳುಗುಡ್ಡ,
ನಡುವಿನ ಪಟ್ಟಿಯಲ್ಲಿ ಹುಟ್ಟಿದ ನಾನು
ಐವತ್ತೊಂದು ವರ್ಷದಲ್ಲಿ ಮಳೆಗೆ ನೆನೆದದ್ದು ಎರಡು ಸಲ,
ಎರಡೂ ಸಲ ಬೇರೆ ಊರಲ್ಲಿ.
ಆದರೂ ಸತ್ತ ಮೋಟರಿನ ಹೆಸರು ಹೇಳಿ
ಮೂರು ಲಕ್ಷ ಪೆಸೊ ಇಳಿಸಿದೆ.

ಕೆಂಪು ಅಂತ ಕಾಗದದಲ್ಲಿದೆ.
ಬಿಸಿಲಿಗೆ ಬಿದ್ದು ಬಿದ್ದು ಈಗ ಪೇರಲೆಯ ಒಳಗಿನ ಬಣ್ಣ.
ಸೀಟಿನ ಸಂದಿಯಲ್ಲಿ ಸಿಕ್ಕದ್ದು
ಜಪಾನಿ ಲಿಪಿಯ ರಸೀದಿ, ಒಂದು ಹೇರ್‌ಪಿನ್ನು,
ಯಾರದೋ ಹಾಲುಹಲ್ಲು.
ದಂತವೈದ್ಯನ ಕಾರಲ್ಲವೆ, ಹೆದರಲಿಲ್ಲ;
ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟೆ.

ಬೀದಿ ನಕ್ಕಿತು.
"ಸ್ನಾನದ ತೊಟ್ಟಿಗೆ ಚಕ್ರ ಹಾಕಿಸಿ ತಂದಿದ್ದಾಳೆ" ಅಂದಳು ನಾದಿನಿ ರೆಮಿಹಿಯಾ.
ಎದುರುಮನೆಯ ಕ್ವಿಸ್ಪೆ ಮುದುಕ ದಿನಾ ಬೆಳಿಗ್ಗೆ ಕಿಟಕಿಯಿಂದ
"ಎದುವಿನಾ, ಇವತ್ತು ಮಳೆ ಬರುವ ಹಾಗಿದೆ!"
ಮಗಳು ಹತ್ತಲೇ ಇಲ್ಲ, ಕೂದಲು ಕೆಡುತ್ತದಂತೆ.
ಭಾನುವಾರ ಸಂಜೆ ತಲೆಗೆ ವಸ್ತ್ರ ಬಿಗಿದು
ಕಡಲ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ
ನಾನೊಬ್ಬಳೇ,
ಮೀನುಹಿಟ್ಟಿನ ಕಾರ್ಖಾನೆಯ ನಾತಕ್ಕೂ
ತಲೆಯ ಮೇಲೆ ತೇಲುವ ಪೆಲಿಕನ್‌ಗಳ ಬಿಳಿ ಹೊಟ್ಟೆಗೂ
ಸಮಾನವಾಗಿ ತೆರೆದುಕೊಂಡು
ಹೋಗಿ ಬರುತ್ತಿದ್ದೆ.

ಆಮೇಲೆ ಆ ಮಂಗಳವಾರ ರಾತ್ರಿ.
ನೆಲ ನಡುಗುವುದು ನಮಗೆ ಹೊಸದಲ್ಲ,
ಹೊಲಿಗೆಯಂತ್ರ ತನ್ನಷ್ಟಕ್ಕೇ ತುಳಿದುಕೊಂಡದ್ದು ಹೊಸದು.
ಸೈರನ್ನು. ಗುಡ್ಡಕ್ಕೆ, ಗುಡ್ಡಕ್ಕೆ.
ನಡೆದೇ ಹೋಗಿ ಅನ್ನುತ್ತದೆ ಬೋರ್ಡು; ನಡೆಯಬಲ್ಲವರು ನಡೆದರು.
ಉಳಿದವರು ನನ್ನ ಬಾಗಿಲಿಗೆ ಬಂದರು.
ಕ್ವಿಸ್ಪೆ, ಅವನ ಆಮ್ಲಜನಕದ ಸಿಲಿಂಡರು,
ಬಾಣಂತಿ ಯೆಸ್ಸೆನಿಯಾ, ಎರಡು ತೋಳಿಗೆ ಎರಡು ಕೂಸು,
ಬೇಕರಿ ಹುಡುಗ, ಪ್ಲಾಸ್ಟರಿನ ಕಾಲು ನಕ್ಷತ್ರಗಳ ಕಡೆಗೆ,
ರೆಮಿಹಿಯಾ, ಅವಳ ಅತ್ತೆ, ಅತ್ತೆಯ ನಾಯಿ,
ಮಡಚಿದ ಮಾಡಿನ ಮೇಲೆ ಕೂತ ಇಬ್ಬರ ಹೆಸರು
ನನಗೆ ಇವತ್ತಿಗೂ ತಿಳಿಯದು.
ಸೀಟು ನಾಲ್ಕು. ಮಾಡು ಇದ್ದಿದ್ದರೆ ಐದು ಜನ, ಬಹಳವೆಂದರೆ ಆರು.
ಇರಲಿಲ್ಲ. ಚೊಂಬಿಗೆ ಹೂ ತುರುಕಿದ ಹಾಗೆ ನಿಂತರು.
ಮೊದಲ ಗೇರಿನಲ್ಲೇ ಹತ್ತಿತು, ತೇಕುತ್ತ, ಬೈಯುತ್ತ,
ಬೈದದ್ದು ನಾನೋ ಅದೋ.

ಅಲೆ ಬಂತಂತೆ. ಬಂದರಿನ ಮೂರು ಮೆಟ್ಟಿಲು ತೊಳೆದು
ಹಿಂದಿರುಗಿತಂತೆ.
ಬೆಳಗಿನ ಜಾವ ಗುಡ್ಡದ ಮೇಲೆ ಕಾಮಂಚಾಕ ಇಳಿಯಿತು,
ನಮ್ಮ ಕಡಲ ಮಂಜು, ರೆಪ್ಪೆಯಿಂದ ತೊಟ್ಟಿಕ್ಕುವಂಥದು.
ಕ್ವಿಸ್ಪೆ ಮುಖ ಒರೆಸಿಕೊಂಡ. ಕೊಳವೆ ಸರಿಸಿ,
"ಹೇಳಿರಲಿಲ್ಲವೆ," ಅಂದ, "ಮಳೆ."

ಹಿಂದಿನ ಸ್ಪ್ರಿಂಗು ಅವತ್ತಿನಿಂದ ಕುಯ್ಯೆನ್ನುತ್ತದೆ.
ನಾಯಿಕೂದಲು ಪೂರ್ತಿ ಹೋಗಿಲ್ಲ.
ಮಾಡಿನ ಹೊಲಿಗೆ ಮಾತ್ರ ಮುಗಿಸಿದ್ದೇನೆ, ಎರಡೆಳೆ ನೈಲಾನು,
ನನ್ನ ಕೈಯಲ್ಲೇ ಇಷ್ಟು ನೇರ ಹೊಲಿಗೆ ಬಿದ್ದದ್ದಿಲ್ಲ.
ಮಡಚಿ ಹಿಂದೆಯೇ ಇಟ್ಟಿದ್ದೇನೆ.
ಮೆಕ್ಯಾನಿಕ್ ಅಬೆಲಾರ್ದೊ ಫೋನು ಮಾಡಿದ್ದ:
ಮೋಟರು ಸಿಕ್ಕಿದೆ, ಹಳೆಯದು, ಆದರೆ ಓಡುತ್ತೆ, ಯಾವಾಗ ತರ್ತೀಯಾ?
ಶಾಲೆ ಶುರುವಾಗುವ ಹೊತ್ತು, ಕೈತುಂಬ ಸಮವಸ್ತ್ರ,
ಮಾರ್ಚ್ ಕಳೆಯಲಿ, ಅಂದೆ.

ಅಂದದ್ದು ಜೂನಿನಲ್ಲಿ.