ಕಾರಣ: ಇತರೆ

ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ನನ್ನದು ತಿರಸ್ಕಾರದ ಕೆಲಸ.
ಗುಳ್ಳೆ ಬಿದ್ದದ್ದು, ಬಿರುಕು ಬಿಟ್ಟದ್ದು, ಅಂಚು ತುಂಬದೆ ಹೋದದ್ದು
ಎಲ್ಲಕ್ಕೂ ಕೆಂಪು ಬಣ್ಣದ ಬೊಟ್ಟಿಟ್ಟು ರಾಶಿಗೆಸೆದು
ರಿಜಿಸ್ಟರಿನಲ್ಲಿ ಬರೆಯುವುದು:
ತಾರೀಖು, ಪಾಳಿ, ಸಂಖ್ಯೆ, ಕಾರಣ.
ಕಾರಣದ ಮನೆ ಚಿಕ್ಕದು, ಊಟದ ಗಂಟೆ ಹತ್ತಿರ.
ಒಂಬತ್ತು ವರ್ಷ ಅಲ್ಲಿ ಒಂದೇ ಮಾತು ಬರೆದೆ:
ಇತರೆ.

ನೂರಕ್ಕೆ ಹನ್ನೊಂದು ಒಡೆದು ಮತ್ತೆ ಕುಲುಮೆಗೆ.
ಪುಣೆಯವರು ಕಾಗದ ಹಾಕಿದರು: ಎರಡು ವರ್ಷ, ಆಮೇಲೆ
ಈ ಎಂಜಿನ್ನೇ ಇರುವುದಿಲ್ಲ, ನಿಮ್ಮ ಬ್ರಾಕೆಟ್ಟು ಯಾರಿಗೆ?
ಅಂಗೈ ಹುಣ್ಣಿಗೆ ನಾವು ಕನ್ನಡಿ ತರಿಸಿದೆವು
ಬೆಂಗಳೂರಿನಿಂದ, ದಿನಕ್ಕೆ ನಲವತ್ತು ಸಾವಿರದ ಬಾಡಿಗೆಗೆ.
ಆತ ಒಳ್ಳೆಯವನೇ. ಗೋಡೆ ಮೇಲೆ ಬೆಳಕು ಬಿಟ್ಟು
ಬಾಣಗಳನ್ನು ತೋರಿಸಿದ; ಎಲ್ಲವೂ ಮೇಲ್ಮುಖ.
ಎರಡನೇ ಕುಲುಮೆ, ನಾಲ್ಕು ಕೋಟಿ ಸಾಲ,
ಬೆಳೆಯಿರಿ, ಇಲ್ಲವೇ ಮುಚ್ಚಿ.
ಸರ್ವಮಂಗಳಾ ಮೇಡಂ ಕೇಳಿದ್ದು ಒಂದೇ:
"ಹನ್ನೊಂದರ ಇಮ್ಮಡಿ ಇಪ್ಪತ್ತೆರಡಲ್ಲವೆ?"
ಶೇಕಡಾ ಹಾಗೆ ಬೆಳೆಯುವುದಿಲ್ಲ ಮೇಡಂ, ಅಂದ.
ರಾಶಿ ಬೆಳೆಯುತ್ತದೆ, ಅಂದರು.

ಮರುದಿನ ಅವರ ಕುರ್ಚಿ ಏಸಿ ಕೋಣೆಯಲ್ಲಿರಲಿಲ್ಲ.
ರಿಜೆಕ್ಟ್ ರಾಶಿಯ ಪಕ್ಕ, ಮಸಿ ಹಿಡಿದ ಫ್ಯಾನಿನ ಕೆಳಗೆ
ಹಾಕಿಸಿಕೊಂಡು ಕೂತರು, ಮೂರು ವಾರ.
ಮೊದಲ ವಾರ ಕೈಗಳು ಹೆದರಿದವು; ರಾಶಿ ಇನ್ನಷ್ಟು ಬೆಳೆಯಿತು.
ಎರಡನೇ ವಾರ ಮರೆತರು.
ಮೂರನೆಯದರಲ್ಲಿ, ಒಂದು ಮಧ್ಯಾಹ್ನ, ಕರೆಂಟು ಹೋಗಿ
ಮಾಡಲು ಬೇರೇನೂ ಇಲ್ಲದೆ
ಅವರ ಕಣ್ಣು ಕುಲುಮೆಯ ಹಿಂದಿನ ಗೋಡೆಗೆ ಹೋಯಿತು:
ಸೀಮೆಸುಣ್ಣದ ಗೀಟು, ಐದೈದರ ಕಟ್ಟು,
ಮಂಡಿಯೆತ್ತರದಿಂದ ತಲೆಯೆತ್ತರದವರೆಗೆ,
ಪಕ್ಕದಲ್ಲಿ ಮಳೆಗಳ ಹೆಸರು:
ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ.

"ಇದು ಯಾರ ಲೆಕ್ಕ?"

ಭದ್ರಾವತಿಯಲ್ಲಿ ಕೈ ಪಳಗಿಸಿಕೊಂಡ ಹುಚ್ಚರಾಯಪ್ಪ
ಅಚ್ಚು ಬಿಟ್ಟೆದ್ದು ಮರಳು ಕೊಡವಿದರು.
"ನಂದೇ ಅಮ್ಮ. ಆರಿದ್ರಾ ಹಿಡೀತು ಅಂದ್ರೆ
ಪಡುವಣ ಬಾಗ್ಲಿಂದ ಥಂಡಿ ಒಳಗ್ ಬರ್ತೈತಿ.
ಮರಳು ಅದ್ರ ಬಾಯಾಗೇ ಸುರಿಸ್ತೀರಿ.
ಮರಳು ನೀರು ಕುಡಿದ್ರೆ ಕಬ್ಬಿಣಕ್ಕೆ ಉಸಿರು ಕಟ್ಟತೈತಿ. ಗುಳ್ಳೆ ಅದೇ."
"ಒಂಬತ್ತು ವರ್ಷ ಯಾಕೆ ಹೇಳಲಿಲ್ಲ?"
ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.
"ಇವ್ರು ಪುಸ್ತಕದಾಗೆ ಬರೆದಿರ್ತಾರೆ ಅಂದ್ಕೊಂಡಿದ್ದೆ."

ಮೇಡಂ ರಿಜಿಸ್ಟರ್ ತರಿಸಿ ಪುಟ ತಿರುಗಿಸಿದರು.
ಇತರೆ. ಇತರೆ. ಇತರೆ.
ಬೈಯಲಿಲ್ಲ.
"ಫೆಲಿಕ್ಸ್, ನಿನ್ನ ಅಕ್ಷರ ದುಂಡಗಿದೆ" ಅಂದರು.

ಪಡುವಣ ಬಾಗಿಲಿಗೆ ತಗಡು,
ಮರಳಿನ ಗುಡ್ಡೆ ಕುಲುಮೆಯ ಬಿಸಿಬೆನ್ನಿಗೆ.
ಖರ್ಚು ಹದಿನೇಳು ಸಾವಿರದ ಚಿಲ್ಲರೆ. ಹನ್ನೊಂದು, ನಾಲ್ಕಾಯಿತು.
ಕಥೆ ಇಲ್ಲಿಗೇ ನಿಂತಿದ್ದರೆ ಪೇಪರಿನವರು ಬರುತ್ತಿದ್ದರು.
ಪುಣೆ ಹೋಯಿತು, ಹೇಳಿದ್ದಕ್ಕಿಂತ ಮೂರು ತಿಂಗಳು ಮೊದಲೇ.
ಮ್ಯಾನ್‌ಹೋಲ್ ಮುಚ್ಚಳ ಹೊಯ್ದು ಕೈ ಸುಟ್ಟುಕೊಂಡೆವು.
ಈಗ ಪಂಪಿನ ಹೊಟ್ಟೆ ಹೊಯ್ಯುತ್ತೇವೆ;
ಲಾಭವೋ, ಮಾರ್ಚಿಗೆ ಗೊತ್ತು.

ಕರಗಿದ ಕಬ್ಬಿಣಕ್ಕೆ ನಾಳೆ ಎಂಬುದಿಲ್ಲ.
ಲ್ಯಾಡಲ್ ಎತ್ತಿದ ಮೇಲೆ ಏಳು ನಿಮಿಷ,
ಅಷ್ಟರಲ್ಲಿ ಹೊಯ್ಯಬೇಕು, ಇಲ್ಲ ಪಾತ್ರೆಯಲ್ಲೇ ಕಲ್ಲು.
ಮೇಡಂ ತೀರ್ಮಾನಗಳೂ ಅದೇ ಅಳತೆಯವು.
ಕೆಲವು ಗುಳ್ಳೆ ಬಿದ್ದಿವೆ. ಅವನ್ನೂ
ಅದೇ ಕುರ್ಚಿಯಲ್ಲಿ ಕೂತು ಎಣಿಸುತ್ತಾರೆ, ಜೋರಾಗಿ,
ಎಲ್ಲರಿಗೂ ಕೇಳುವ ಹಾಗೆ.

ಹೊಸ ರಿಜಿಸ್ಟರ್ ಬಂದಿದೆ, ಕಾರಣದ ಮನೆ ಅಂಗೈ ಅಗಲ.
ಹುಚ್ಚರಾಯಪ್ಪ ಇನ್ನೂ ಗೋಡೆ ಮೇಲೆಯೇ ಬರೆಯುತ್ತಾರೆ;
ಸುಣ್ಣ ಬಳಿಯಲು ಬಂದವನನ್ನು ಮೇಡಂ ವಾಪಸ್ ಕಳಿಸಿದರು.
ದಿನಾ ಆ ಗೋಡೆಯ ಮುಂದೆ ಮಂಡಿಯೂರಿ
ನಾನು ಓದಿ ನಕಲು ಮಾಡುತ್ತೇನೆ.
ಊಟದ ಗಂಟೆ ಹತ್ತಿರವಾದಾಗ ಮಾತ್ರ
ಪೆನ್ನು ಈಗಲೂ
"ಇ" ಎಂದೇ ಶುರು ಮಾಡುತ್ತದೆ.