ಸಾಲದ ಸಾಲು

ಗ್ಯುಮ್ರಿಯಲ್ಲಿ ನಸುಕು ಐದಕ್ಕೇ
ಹಾಯ್ಕನುಶ್ ನೆಲದೊಲೆಗೆ ಸೊಂಟದವರೆಗೂ ಬಾಗುತ್ತಾಳೆ.
ಹುಬ್ಬು ಸುಟ್ಟುಹೋಗಿ ವರ್ಷಗಳಾದವು.
ಲವಾಶ್ ಬಡಿಯುತ್ತ ಬಡಿಯುತ್ತಲೇ
ಕರ್ತನು ಕಲಿಸಿದ ಪ್ರಾರ್ಥನೆ.

ಈ ದಿನದ ರೊಟ್ಟಿ ಬೇಡುವಲ್ಲಿ
ತೊಡಕಿಲ್ಲ. ಅವನು ಕೊಡುತ್ತಾನೆ, ಇವಳು ಸುಡುತ್ತಾಳೆ.
ಅದರ ಬೆನ್ನಿಗೇ ಬರುತ್ತದಲ್ಲ, ಸಾಲದ ಸಾಲು,
ಅಲ್ಲಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ
ಹಸಿ ಹಿಟ್ಟಿನ ಹಾಗೆ.

ಮೊಳೆಗೆ ತೂಗುವ ಲೆಕ್ಕದ ಪುಸ್ತಕದಲ್ಲಿ
ವರ್ದ್ಗೆಸ್, ಗಡಿಯಾರ ರಿಪೇರಿಯವನು:
ನಲವತ್ತಮೂರು ರೊಟ್ಟಿ, ಬಾಯಲ್ಲಿ ಬರೀ ನಾಳೆ, ನಾಳೆ.
ನಿನ್ನೆ ಎದುರಾದಾಗ ಟೋಪಿ ತಗ್ಗಿಸಿ
ಬೀದಿಯ ಆಚೆ ಬದಿಗೆ ದಾಟಿಬಿಟ್ಟ.
ಹಾಗೆ ದಾಟುವುದು ಅವಳಿಗೂ ಗೊತ್ತು,
ಹಿಟ್ಟಿನ ಸೆರೋಬನ ಅಂಗಡಿ ಬಂದಾಗ.

"ಹಾಳೆಯನ್ನೇ ಹರಿಯಲಾರೆ, ಸ್ವಾಮಿ.
ನಾನೇನು ಗೋಡೆಯ ಮೇಲಿನ ಸಂತಳೇ?"
ಏಪ್ರನ್ ಜೇಬಿನಿಂದ ಮಗಳ ರಬ್ಬರ್ ತೆಗೆದು
ಮೂರನ್ನು ಅಳಿಸುತ್ತಾಳೆ. ಮೂರೇ.
ಕಾಗದ ಮಾಸಿ ಕಪ್ಪಾಗುತ್ತದೆ.

"ಸಾಲದು, ಗೊತ್ತು. ಉಳಿದದ್ದು ನಾಳೆ"
ಅಂದವಳಿಗೆ ತಟ್ಟನೆ ನಗು.
ಅಷ್ಟರಲ್ಲಿ ಒಲೆಯೊಳಗೆ ಒಂದು ರೊಟ್ಟಿ ಕಳಚಿ
ಕೆಂಡಕ್ಕೆ ಬಿದ್ದ ಸದ್ದು,
ಸೀದ ವಾಸನೆ.