ಓಡಬಾರದ ಕರು

ಕಲಸಿದ್ದು ನಾನೇ.
ಕಾರಟಗಿಯ ರೈಸ್‌ಮಿಲ್ಲಿನ ಹಿಂದೆ, ತಗಡಿನ ನೆರಳಲ್ಲಿ,
ತೌಡು ಎರಡು ಚೀಲ, ಹತ್ತಿಕಾಳಿನ ಹಿಂಡಿ ಒಂದು,
ಉಪ್ಪು, ಬೆಲ್ಲದ ನೀರು,
ಮತ್ತೆ ಆ ಬಿಳಿ ಡಬ್ಬಿಯ ಕಂದು ಪುಡಿ.

ಕೋಳಿ ಫಾರ್ಮಿನವರು ಬಿಟ್ಟುಹೋದದ್ದು ಅದು,
ಮರಿಗಳ ರಕ್ತಭೇದಿಗೆ. ಟನ್ನಿಗೆ ಇಷ್ಟು ಗ್ರಾಂ ಎಂದು
ಡಬ್ಬಿಯ ಮೇಲೆ ಇರುವೆಸಾಲಿನಂಥ ಇಂಗ್ಲಿಷು.
"ದನಕ್ಕೂ ಹಾಕ್ತಾರಪಾ, ಮೈ ತುಂಬ್ತಾವು" ಅಂದ ಶರಭಣ್ಣ.
ಎಷ್ಟು ಅಂತ ನಾನು ಕೇಳಲಿಲ್ಲ.
ಸಣ್ಣ ತಕ್ಕಡಿ ಕಿರಾಣಿಯವನು ಒಯ್ದಿದ್ದ.
ಬೊಗಸೆ ಇತ್ತು, ಬೊಗಸೆಯಲ್ಲಿ ಹಾಕಿದೆ,
ಅವ್ವ ಸಾರಿಗೆ ಉಪ್ಪು ಹಾಕುವ ಹಾಗೆ, ಕಣ್ಣಳತೆಯಲ್ಲಿ.
ಅವ್ವನ ಕೈ ತಪ್ಪಿದ ದಿನ
ನಾವು ಎರಡು ಚೊಂಬು ನೀರು ಹೆಚ್ಚು ಕುಡಿದೆವು, ಅಷ್ಟೇ.

ಮರ್ಲಾನಹಳ್ಳಿಯ ದುರುಗಮ್ಮ ಒಯ್ದಳು ಚೀಲ.
ಆರು ಕರು, ಈಗಷ್ಟೇ ಮೇವು ಕಲಿತವು,
ಮೂಗಿಗೆಲ್ಲ ತೌಡು ಮೆತ್ತಿಕೊಂಡು ಬೋಗುಣಿ ನೆಕ್ಕಿದವಂತೆ.
ಮರುದಿನ ಮುಸುರೆಗೂ ಮುಖ ತಿರುಗಿಸಿದವು.
ಮೂರನೆಯ ದಿನ ಕಾಲುವೆಗೆ ನೀರಿಗೆ ಹೊಡೆದರೆ
ಒಂದು, ನಾಲ್ಕು ಹೆಜ್ಜೆ ನೆಗೆದು
ನೆಗೆದಲ್ಲೇ ಕುಸಿಯಿತು.
ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.
ಘಾಟು ಎದ್ದಿತು.
ಕಣ್ಣಿನ ಬಾಧೆ ಅಲ್ಲವೆಂದು ಅವಳಿಗೆ ಆಗಲೇ ತಿಳಿಯಿತು.

ಐದನೆಯದನ್ನು ಡಾಕ್ಟರು ಕೊಯ್ಯುವಾಗ ನಾನೂ ನಿಂತಿದ್ದೆ.
ಗುಂಡಿಗೆಯನ್ನು ಅಂಗೈಯಲ್ಲಿಟ್ಟು ಸೀಳಿ ತೋರಿಸಿದರು:
ಕೆಂಪಿನ ನಡುವೆ ಬೆಳ್ಳನೆ ಗೆರೆ.
ಹೊಟ್ಟೆ ಬೆಳ್ಳಗಾದ ಅಕ್ಕಿಕಾಳನ್ನು ನಾನು ದೂರದಿಂದಲೇ ಬಲ್ಲೆ;
ಗಿರಣಿಯಲ್ಲಿ ಮೊದಲು ನುಚ್ಚಾಗುವುದು ಅದೇ.

ದುರುಗಮ್ಮ ಬೈಯಲಿಲ್ಲ.
ಬೈದಿದ್ದರೆ ಮನೆಗೆ ಹೋಗಬಹುದಿತ್ತು.
"ಒಂದು ಉಳದೈತಿ, ಅದನ್ನ ಓಡಿಸಬಾರದಂತ" ಅಂದಳು.

ಈಗ ದಿನಾ ಸಂಜೆ ಹಸಿಹುಲ್ಲು ಹೊತ್ತು ಹೋಗುತ್ತೇನೆ.
ಕೊರಳ ಗೆಜ್ಜೆ ಬಿಚ್ಚಿಟ್ಟಿದ್ದಾಳೆ,
ತನ್ನ ಸದ್ದಿಗೆ ತಾನೇ ಜಿಗಿಯದಿರಲೆಂದು.
ಹಗ್ಗ ಒಂದು ಮೊಳ.
ನನ್ನನ್ನು ಕಂಡದ್ದೇ ಬಾಲ ಎತ್ತುತ್ತದೆ ಕರು,
ಹಿಂಗಾಲು ಝಾಡಿಸುತ್ತದೆ.
ಹೊರೆ ಇಳಿಸದೆ ಬೇಲಿಯ ಹತ್ತಿರವೇ ನಿಂತು
ನಿಧಾನ, ಅನ್ನುತ್ತೇನೆ, ನಿಧಾನ, ನಿಧಾನ.
ಅದಕ್ಕೇನು ಗೊತ್ತು,
ನನ್ನ ದನಿ ಕೇಳಿ ಇನ್ನಷ್ಟು ಕುಣಿಯುತ್ತದೆ.